ಮೈನಸ್ ಎಂಬತ್ತರ ಫ್ರೀಜರ್ ಇಲ್ಲದೆ ನೋವಿನ ಜೀನ್ ಓದಿದ್ದು

"ಶಿವಮೊಗ್ಗದಲ್ಲಿ ಕೂತು ಜೀನ್ ಓದೋದೆಲ್ಲ ಆಗೋದಲ್ಲ, ಸ್ಯಾಂಪಲ್ ಬೆಂಗಳೂರಿಗೆ ಕಳಿಸಿಬಿಡಿ" ಎಂದವರು ಒಬ್ಬಿಬ್ಬರಲ್ಲ. ಕಳಿಸೋಕೆ ದುಡ್ಡು ಬೇಕಲ್ವಾ? ನಮ್ಮ ಕೈಲಿದ್ದದ್ದು ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಅಷ್ಟರಲ್ಲೇ ಸುಮಾರು 200 ಜನರ ಕಾಮ್ಟ್ (COMT) ಎಂಬ ನೋವಿನ ಜೀನ್ ಓದಿ ಮುಗಿಸಿದೆವು. ಅರ್ಧ ಜನ ವರ್ಷಗಟ್ಟಲೆ ಬೆನ್ನುನೋವು ಇದ್ದವರು, ಉಳಿದರ್ಧ ಇಲ್ಲದವರು. ಹೆಚ್ಚಿನವರು ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ತೋಟದ ಕೆಲಸದವರು.

ಕಾಮ್ಟ್ ಯಾಕೆ? ಸುಲಭ, ಅದಕ್ಕೆ. ಡೋಪಮೈನ್‌ನಂಥ ಮಿದುಳಿನ ರಾಸಾಯನಿಕ ಒಡೆಯುವ ಕಿಣ್ವದ ಜೀನ್ ಅದು. ಆ ಕಿಣ್ವದ 158ನೇ ಜಾಗದಲ್ಲಿ ವ್ಯಾಲ್ (ವ್ಯಾಲೀನ್ ಎಂಬ ಅಮೈನೋ ಆಮ್ಲ) ಇದ್ದರೆ ಕಿಣ್ವ ಚುರುಕು, ಮೆಟ್ (ಮೆಥಿಯೋನಿನ್) ಇದ್ದರೆ ಮೂರ್ನಾಲ್ಕು ಪಟ್ಟು ಮಂದ. ಮೆಟ್ ಇದ್ದವರಿಗೆ ನೋವು ಜಾಸ್ತಿ ತಟ್ಟುತ್ತದೆ ಎಂಬ ಮಾತು 2003ರಿಂದ ಓಡಾಡುತ್ತಿದೆ.

ಶುರು ಮಾಡಿದ್ದು ಎಲ್ಲರ ಹಾಗೆ ಎನ್‌ಎಲ್‌ಎ-ತ್ರೀ ಎಂಬ ಡಿಎನ್‌ಎ ಕತ್ತರಿಸುವ ಕಿಣ್ವದಿಂದ. ಮೆಟ್ ಇದ್ದರೆ ಅದು ಕತ್ತರಿಸುತ್ತದೆ, 18 ಬೇಸ್ (ಡಿಎನ್‌ಎ ಅಕ್ಷರ) ವ್ಯತ್ಯಾಸ ಜೆಲ್‌ನಲ್ಲಿ ಬೇರೆ ಗೆರೆಯಾಗಿ ಕಾಣುತ್ತದೆ. ಒಂದು ಟ್ಯೂಬಿಗೆ ಹತ್ತು ಸಾವಿರದ ಮೇಲೆ ಕೊಟ್ಟೆ. ಮೊದಲ ಮೂವತ್ತು ಸ್ಯಾಂಪಲ್‌ನಲ್ಲಿ ಎಲ್ಲರೂ ವ್ಯಾಲ್. ಮಲೆನಾಡಿನವರು ಗಟ್ಟಿ ಜನ ಅಂತ ಒಂದು ದಿನ ಬೀಗಿದ್ದೂ ಆಯಿತು. ಆಮೇಲೆ ನೋಡಿದರೆ ಕಿಣ್ವವೇ ಸತ್ತಿತ್ತು. ಅದನ್ನು ಇಡಬೇಕಾದದ್ದು ಮೈನಸ್ 80ರಲ್ಲಿ. ನಮ್ಮದು ಮೈನಸ್ 20ರ ಫ್ರೀಜರ್, ಮೇಲಿಂದ ಜುಲೈ ತಿಂಗಳ ಕರೆಂಟ್. ಎರಡನೇ ಟ್ಯೂಬು ಅರ್ಧ ಜೀವದಲ್ಲಿತ್ತು. ಮೆಟ್-ಮೆಟ್ (ಜೀನ್‌ನ ಎರಡೂ ಪ್ರತಿಯಲ್ಲಿ ಮೆಟ್) ಒಬ್ಬರೂ ಇಲ್ಲ, ಮೆಟ್ ಇದ್ದವರೆಲ್ಲರಲ್ಲೂ ಎರಡೆರಡು ಗೆರೆ. ಒಂದು ಗುಂಪಿನಲ್ಲಿ ಯಾವ ಜೋಡಿ ಎಷ್ಟಿರಬೇಕು ಎನ್ನುವ ಹಾರ್ಡಿ-ವೈನ್‌ಬರ್ಗ್ ಲೆಕ್ಕ ಹಾಕಿದರೆ ನಗು ಬರುವಂತಿತ್ತು. ಇಪ್ಪತ್ತೈದು ಸಾವಿರ ಹೀಗೇ ಹೋಯಿತು.

ರಕ್ತದ ಕಥೆ ಬೇರೆ. ಟ್ಯೂಬು ತಂಪಾಗಿ ತರೋದು ಆಗಲಿಲ್ಲ, ಹಾಗಾಗಿ ಫಿಲ್ಟರ್ ಪೇಪರ್ ಮೇಲೆ ಬೆರಳಿನ ಹನಿ. ಆಗುಂಬೆ ಕಡೆಯಿಂದ ತಂದ ಪೇಪರು ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯಿತು. ಅಡಿಕೆ ಒಣಗಿಸುವ ಅಟ್ಟದ ಮೇಲೆ ಇಟ್ಟು ನೋಡಿದೆ. ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿತು, ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವುದು) ಬರಲೇ ಇಲ್ಲ. ಕೊನೆಗೆ ಎರಡು ಗಂಟೆ ಫ್ಯಾನ್ ಕೆಳಗೆ, ಪಕ್ಕದಲ್ಲಿ 60 ವ್ಯಾಟ್ ಬಲ್ಬು, ಆಮೇಲೆ ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿ. ತೇವ ಹೀರಿದ ಆ ಸಿಲಿಕಾದ ನೀಲಿ ಹರಳನ್ನು ಒಣಗಿಸೋಕೆ ಮನೆಯ ಬಾಣಲೆಯಲ್ಲಿ ಹುರಿದು ಬೈಸಿಕೊಂಡೆ. ಬೈದಿದ್ದು ಸರಿ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಈಗ ಕಿತ್ತಳೆ ಬಣ್ಣದ್ದು, ಬಾಣಲೆಯೂ ಬೇರೆ.

ಡಿಎನ್‌ಎ ತೆಗೆಯೋಕೆ ಕಿಟ್ ಬಿಟ್ಟೆ. ಚೆಲೆಕ್ಸ್ ಎಂಬ ರಾಳದ ಹರಳು ಹಾಕಿದ ನೀರಿನಲ್ಲಿ ಕುದಿಸಿದರೆ ಸಾಕು. ಮೇಲಿನ ನೀರು ಮಾತ್ರ ಎತ್ತಬೇಕು. ಒಂದು ಹರಳು ಬಂದರೂ ಅದು ಮೆಗ್ನೀಸಿಯಂ ಹೀರಿ ಪಿಸಿಆರ್ ಕೊಲ್ಲುತ್ತದೆ. ಒಂದು ಸ್ಯಾಂಪಲ್‌ಗೆ ಐದಾರು ರೂಪಾಯಿ ಬಿದ್ದಿರಬಹುದು. ರಕ್ತದ ಪೇಪರಿನಿಂದ ಚೂರು ಕತ್ತರಿಸುವ ಪಂಚ್ ಮಾತ್ರ ಹುಷಾರು. ಒಮ್ಮೆ ರಕ್ತವೇ ಇಲ್ಲದ ಖಾಲಿ ಕಂಟ್ರೋಲ್‌ನಲ್ಲಿ ಗೆರೆ ಬಂದು ಒಂದು ವಾರ ನಿದ್ದೆ ಕೆಟ್ಟಿತು. ಈಗ ಪ್ರತಿ ಸ್ಯಾಂಪಲ್ ಆದ ಮೇಲೆ ಖಾಲಿ ಪೇಪರನ್ನು ಮೂರು ಸಲ ಪಂಚ್ ಮಾಡುತ್ತೇವೆ.

ಕಿಣ್ವದ ಸಹವಾಸವೇ ಬೇಡ ಎಂದು ನಾಲ್ಕು ಪ್ರೈಮರ್‌ನ (ಪಿಸಿಆರ್ ಶುರು ಮಾಡುವ ಚಿಕ್ಕ ಡಿಎನ್‌ಎ ತುಣುಕು) ಟೆಟ್ರಾ ಆರ್ಮ್ಸ್‌ಗೆ ಬಂದೆ. ಇದರಲ್ಲಿ ಕತ್ತರಿಸುವುದಿಲ್ಲ, ಒಳಗಿನ ಎರಡು ಪ್ರೈಮರ್‌ನಲ್ಲಿ ಒಂದು ವ್ಯಾಲ್‌ಗೆ, ಒಂದು ಮೆಟ್‌ಗೆ ಗೆರೆ ಕೊಡುತ್ತದೆ. ನಾಲ್ಕೂ ಸೇರಿ ಎರಡು ಸಾವಿರದ ಒಳಗೆ. ಮೊದಲು ಹೊರಗಿನ ಗೆರೆ ಮಾತ್ರ ದಪ್ಪಗೆ ಬಂದು ಒಳಗಿನದನ್ನು ನುಂಗುತ್ತಿತ್ತು. ಒಳಗಿನ ಪ್ರೈಮರ್ ಜಾಸ್ತಿ, ಹೊರಗಿನದು ಕಡಿಮೆ ಮಾಡಿದೆ. ಎಷ್ಟಕ್ಕೆ ಎಷ್ಟು ಎಂದು ಬರೆಯೋಲ್ಲ, ಆರು ವಾರ ಕೂತು ಕಂಡುಕೊಂಡದ್ದು ಅದು. ಟಚ್‌ಡೌನ್ ಮಾಡಿ, ಅಂದರೆ ಪ್ರೈಮರ್ ಅಂಟುವ ಉಷ್ಣತೆಯನ್ನು ಸುತ್ತಿನಿಂದ ಸುತ್ತಿಗೆ ಇಳಿಸುತ್ತಾ ಹೋಗಿ ಎಂದಷ್ಟೇ ಹೇಳುತ್ತೇನೆ. ನಂಬದವರಿಗೋಸ್ಕರ 12 ಸ್ಯಾಂಪಲ್ ಹೊರಗೆ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಹನ್ನೆರಡಕ್ಕೆ ಹನ್ನೆರಡೂ ತಾಳೆ ಆಯಿತು. "ಕಳಿಸಿಬಿಡಿ" ಎಂದವರಲ್ಲಿ ಒಬ್ಬರು ಈಗ ಪ್ರೈಮರ್ ಕೇಳಿ ಫೋನ್ ಮಾಡುತ್ತಾರೆ.

ಔಷಧಿಯ ಗುರಿ ಎಂದು ನೋಡಿದರೆ ಕಾಮ್ಟ್ ಬಡಪಾಯಿ, ಅದು ಗೊತ್ತಿದೆ. ಅಲ್ಲಿ ನರದಲ್ಲಿ ನೋವಿನ ಸಂಕೇತ ಹರಿಸುವ ಸೋಡಿಯಂ ಚಾನೆಲ್‌ಗಳದ್ದೇ ದರ್ಬಾರು. ಅಂಥ ಒಂದು ಚಾನೆಲ್‌ನ ಜೀನ್ ಎಸ್‌ಸಿಎನ್9ಎ ಪೂರ್ತಿ ಕೆಟ್ಟವರಿಗೆ ನೋವೇ ಗೊತ್ತಾಗೋಲ್ಲ ಎಂದು 2006ರಲ್ಲಿ ಪಾಕಿಸ್ತಾನದ ಕುಟುಂಬಗಳಿಂದ ತಿಳಿಯಿತು. ಕಂಪನಿಗಳೆಲ್ಲ ಅದರ ಹಿಂದೆ ಓಡಿದವು. ಕೊನೆಗೆ ದಡ ಸೇರಿದ್ದು ಅದರ ದಾಯಾದಿ ಎಸ್‌ಸಿಎನ್10ಎ. ಅದರ ಚಾನೆಲ್ ಮುಚ್ಚುವ ಸುಜೆಟ್ರಿಜಿನ್‌ಗೆ ಅಮೆರಿಕದ ಎಫ್‌ಡಿಎ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅದೂ ಹೊಸ ನೋವಿಗೆ, ನಮ್ಮ ಹಳೇ ಬೆನ್ನುನೋವಿಗಲ್ಲ. ಬಯೋಮಾರ್ಕರ್ (ಯಾರಿಗೆ ನೋವು ಹೆಚ್ಚು ಎಂದು ಹೇಳುವ ಗುರುತು) ಆಗಿಯೂ ಒಂದೇ ಜೀನ್ ನಂಬಿ ಕೂರೋದು ತಪ್ಪು. ನಮ್ಮ 200 ಜನರಿಂದ ಹೌದು-ಅಲ್ಲ ಎಂದು ಹೇಳೋಕೆ ನಾನು ತಯಾರಿಲ್ಲ.

ಮಧ್ಯೆ ಸುಮ್ನೆ ಐಸ್ ನೀರಿನಲ್ಲಿ ಎಷ್ಟು ಹೊತ್ತು ಕೈ ಇಡುತ್ತಾರೆ ಎಂಬ ಪರೀಕ್ಷೆಯನ್ನೂ ಮಾಡಿದೆವು, ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡೇ. ಮೀನು ಮಾರ್ಕೆಟ್‌ನಿಂದ ಐಸ್, ಬಕೆಟ್, ಮೊಬೈಲ್ ಸ್ಟಾಪ್‌ವಾಚ್. ನಮ್ಮ ಹುಡುಗರು ನಲವತ್ತು ಸೆಕೆಂಡಿಗೆ ಕೈ ತೆಗೆದರು. ಹನ್ನೊಂದು ವರ್ಷದಿಂದ ಬೆನ್ನುನೋವಿರುವ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರೊಬ್ಬರು ಐದು ನಿಮಿಷವೂ ಕೈ ಇಟ್ಟುಕೊಂಡೇ ಕೂತು, "ಸಾರ್, ಕಾಫಿ ಇದ್ಯಾ?" ಎಂದು ಕೇಳಿದರು. ಕೊನೆಗೆ ಯಾವ ಸ್ಯಾಂಪಲ್ ಯಾರದ್ದು ಎಂಬ ಕೋಡ್ ಬಿಡಿಸಿದಾಗ ನೋಡಿದರೆ ಅವರದ್ದು ಮೆಟ್-ಮೆಟ್. ನಂಬಿಕೆ ಬರದೆ ಮೂರು ಸಲ ಜೆಲ್ ಓಡಿಸಿದೆ. ಮೂರು ಸಲವೂ ಅದೇ ಗೆರೆ.