ಬರೋಕ್ ರೆಕಾರ್ಡಿಂಗ್ ಕಳಿಸುವಾಗ ಜೊತೆಗೆ ಎರಡು ಸಾಲು ಬರೆಯಿರಿ

ಬರೋಕ್ ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಶಾಸ್ತ್ರೀಯ ಸಂಗೀತ. ಗೆಳೆಯನೊಬ್ಬ "ಈ ಬರೋಕ್ ಅಂದ್ರೆ ಏನು, ಏನಾದ್ರೂ ಕಳಿಸು" ಅಂದಾಗ ನಾನು ಕಳಿಸಿದ್ದು ಜರ್ಮನ್ ಸಂಗೀತಕಾರ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ ಅನ್ನುವ ದೊಡ್ಡ ಗಾಯನ ಕೃತಿ. ಎರಡೂವರೆ ಗಂಟೆಗೂ ಜಾಸ್ತಿ. ಉತ್ತರವೇ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಅದೇ ಬಾಖ್‌ನ ಮೊದಲ ಚೆಲ್ಲೊ ಸ್ವೀಟ್‌ನ (suite, ಚೆಲ್ಲೊ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯಕ್ಕೆ ಬರೆದ ತುಣುಕುಗಳ ಸರಣಿ) ಶುರುವಿನ ತುಣುಕು, ಪ್ರೆಲ್ಯೂಡ್ ಕಳಿಸಿದೆ. ಎರಡೂವರೆ ನಿಮಿಷದ್ದು. ಜೊತೆಗೆ ಇಷ್ಟೇ ಬರೆದೆ: "ನುಡಿಸುತ್ತಿರುವುದು ಒಂದೇ ವಾದ್ಯ. ಕೊನೆಯ ಅರ್ಧ ನಿಮಿಷದಲ್ಲಿ ಒಂದು ಸ್ವರ ಅಲ್ಲೇ ನಿಂತಿರುತ್ತದೆ, ಅದರ ಪಕ್ಕದಲ್ಲೇ ಇನ್ನೊಂದು ಎಳೆ ಮೆಟ್ಟಿಲು ಹತ್ತುತ್ತದೆ. ಹತ್ತುವುದನ್ನು ಹಿಡಿದುಕೊಂಡು ಕೇಳು." ಅವತ್ತೇ ಫೋನ್ ಬಂತು.

ಅದಕ್ಕೇ ಮೊದಲ ಮಾತು: ಚಿಕ್ಕದನ್ನು ಕಳಿಸಿ, ಎಲ್ಲಿ ಕಿವಿ ಇಡಬೇಕು ಅಂತ ಹೇಳಿ ಕಳಿಸಿ. ಸುಮ್ನೆ ಒಂದು ಲಿಂಕ್ ಎಸೆದು "ಅದ್ಭುತ, ಕೇಳು" ಅಂದರೆ ಕೇಳುವವರಿಗೆ ಏನೂ ಸಿಗುವುದಿಲ್ಲ. ಈ ಸಂಗೀತ 300, 400 ವರ್ಷ ಹಳೆಯದು. ಅದರ ನಡಿಗೆ ಹೊಸಬರಿಗೆ ಗೊತ್ತಿರುವುದಿಲ್ಲ. ನಿಮಿಷ, ಸೆಕೆಂಡು ಬರೆದರೆ ಇನ್ನೂ ಒಳ್ಳೆಯದು.

ಹೇಗೆ ಅಂತ ಒಂದು ಉದಾಹರಣೆ. ಇಂಗ್ಲಿಷ್ ಸಂಗೀತಕಾರ ಪರ್ಸೆಲ್‌ನ ಡೈಡೊ ಅಂಡ್ ಈನಿಯಸ್ ಆಪೆರಾದ ಕೊನೆಯಲ್ಲಿ ರಾಣಿ ಡೈಡೊ ಸಾಯುವ ಮೊದಲು ಹಾಡುವ ಹಾಡಿದೆಯಲ್ಲ, ಅದನ್ನು ಕಳಿಸುತ್ತೀರಿ ಅಂದುಕೊಳ್ಳಿ. ಹಾಡು ಶುರುವಾಗುವ ಮುಂಚೆ ತಗ್ಗು ಸ್ವರದ ವಾದ್ಯಗಳು ಮಾತ್ರ ಒಂದು ಎಳೆ ನುಡಿಸುತ್ತವೆ. ಐದೇ ಬಾರ್ (ಬಾರ್ ಅಂದರೆ ತಾಳದ ಒಂದು ಆವರ್ತದ ಹಾಗೆ), ಅರ್ಧ ಅರ್ಧ ಸ್ವರವಾಗಿ ಕೆಳಗಿಳಿಯುತ್ತದೆ. ಹಾಡು ಮುಗಿಯುವವರೆಗೂ ಅದೇ ಎಳೆ ಮತ್ತೆ ಮತ್ತೆ ಬರುತ್ತದೆ, ಬದಲಾಗುವುದೇ ಇಲ್ಲ. ಇದಕ್ಕೆ ಗ್ರೌಂಡ್ ಬಾಸ್ ಅನ್ನುತ್ತಾರೆ. ಮಜಾ ಏನೆಂದರೆ ಹಾಡುವವರ ಸಾಲು ಆ ಐದು ಬಾರ್‌ನ ಲೆಕ್ಕಕ್ಕೆ ಸರಿಯಾಗಿ ಮುಗಿಯುವುದಿಲ್ಲ, ಕೆಳಗೆ ಹೊಸ ಸುತ್ತು ಶುರುವಾದರೂ ಮೇಲೆ ಹಳೇ ಮಾತು ಇನ್ನೂ ಎಳೆಯುತ್ತಿರುತ್ತದೆ, ಬಿಡಲು ಮನಸ್ಸಿಲ್ಲದವರ ಹಾಗೆ. "ನನ್ನನ್ನು ನೆನಪಿಡು" ಅನ್ನುವ ಮಾತು ಬರುವುದು ಒಂದೇ ಸ್ವರದ ಮೇಲೆ. ಆದ್ದರಿಂದ ಮೊದಲ ಸಲ ಹಾಡುಗಾರ್ತಿಯನ್ನು ಬಿಟ್ಟು ಕೆಳಗಿನ ಎಳೆಯನ್ನಷ್ಟೇ ಕೇಳಿ ಅಂತ ಬರೆಯಿರಿ. ಎರಡನೇ ಸಲ ಹಾಡು ಕೇಳಿದಾಗ ಗಂಟಲು ಕಟ್ಟುತ್ತದೆ. ನನಗೆ ಇವತ್ತಿಗೂ ಕಟ್ಟುತ್ತದೆ.

ಇನ್ನೊಂದು ಒಳ್ಳೆಯ ದಾರಿ, ಒಂದೇ ಕೃತಿಯ ಎರಡು ರೆಕಾರ್ಡಿಂಗ್ ಜೋಡಿಯಾಗಿ ಕಳಿಸುವುದು. ಚೆಲ್ಲೊ ಸ್ವೀಟ್‌ಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಬಾಖ್‌ನ ಕೈಬರಹದ ಪ್ರತಿ ಉಳಿದಿಲ್ಲ. ಹೆಂಡತಿ ಅನ್ನಾ ಮ್ಯಾಗ್ಡಲೀನಾ ಮಾಡಿದ ನಕಲು ಉಳಿದಿದೆ, ಆದರೆ ಯಾವ ಸ್ವರಗಳನ್ನು ಒಂದೇ ಬಿಲ್ಲಿನ ಎಳೆತದಲ್ಲಿ ನುಡಿಸಬೇಕು ಅನ್ನುವುದು ಅದರಲ್ಲಿ ಸ್ಪಷ್ಟವಾಗಿಲ್ಲ. ಅಲ್ಲಿಗೆ ಪ್ರತಿಯೊಬ್ಬ ವಾದಕನೂ ತಾನೇ ತೀರ್ಮಾನ ಮಾಡಬೇಕು. ಪಾಬ್ಲೊ ಕಸಾಲ್ಸ್ 1936ರಿಂದ 1939ರ ನಡುವೆ ಮಾಡಿದ ರೆಕಾರ್ಡಿಂಗ್ ಒಂದು ಕಡೆ, ಆನ್ನರ್ ಬೈಲ್ಸ್‌ಮಾ 1979ರಲ್ಲಿ ಕರುಳಿನ ತಂತಿ ಹಾಕಿ ನುಡಿಸಿದ್ದು ಇನ್ನೊಂದು ಕಡೆ ಇಡಿ. ಕಸಾಲ್ಸ್ ಚೆಲ್ಲೊದಲ್ಲಿ ಹಾಡಿದ ಹಾಗಿದೆ, ಬೈಲ್ಸ್‌ಮಾ ಮಾತಾಡಿದ ಹಾಗಿದೆ. ಶ್ರುತಿಯೂ ಬೇರೆ ಅನಿಸುತ್ತದೆ, ಅಲ್ವಾ? ಅದು ಭ್ರಮೆ ಅಲ್ಲ. ಹಳೆಯ ವಾದ್ಯಗಳ ತಂಡಗಳು ಸಾಮಾನ್ಯವಾಗಿ ಎ ಸ್ವರವನ್ನು ಇವತ್ತಿನ 440ರ ಬದಲು 415 ಹರ್ಟ್ಸ್‌ಗೆ ಶ್ರುತಿ ಮಾಡಿಕೊಳ್ಳುತ್ತವೆ, ಅಂದರೆ ಹತ್ತಿರ ಹತ್ತಿರ ಅರ್ಧ ಸ್ವರ ಕೆಳಗೆ. ಕೆಲವು ಫ್ರೆಂಚ್ ಕೃತಿಗಳಿಗೆ 392ಕ್ಕೂ ಇಳಿಯುತ್ತಾರೆ.

ಬಾಖ್‌ನ ಕೀಬೋರ್ಡ್ ಕೃತಿ ಗೋಲ್ಡ್‌ಬರ್ಗ್ ವೇರಿಯೇಶನ್ಸ್‌ನಲ್ಲಿ ಒಬ್ಬರದ್ದೇ ಜೋಡಿ ಸಿಗುತ್ತದೆ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ಸುಮಾರು 38 ನಿಮಿಷದಲ್ಲಿ ಮುಗಿಸಿದರು, 1981ರಲ್ಲಿ ಸುಮಾರು 51 ನಿಮಿಷ ತೆಗೆದುಕೊಂಡರು. ಪೂರ್ತಿ ಕಳಿಸಬೇಡಿ, ಎರಡರಿಂದಲೂ ಶುರುವಿನ ತುಣುಕು, ಏರಿಯಾ (aria) ಸಾಕು.

ಈಗ ಹೆಸರಿನ ವಿಷಯ. ದಯವಿಟ್ಟು ಇದರಲ್ಲಿ ಸೋಮಾರಿತನ ಬೇಡ. "ವಿವಾಲ್ಡಿ, ಕನ್ಸರ್ಟೊ" ಅಂತ ಬರೆದರೆ ಯಾರಿಗೂ ಹುಡುಕಲು ಆಗುವುದಿಲ್ಲ, ಆತ ಬರೆದದ್ದು ಸುಮಾರು 500. ಸ್ಕಾರ್ಲಾಟಿಯ ಕೀಬೋರ್ಡ್ ಸೊನಾಟಾಗಳು 555. ಹಾಗಾಗಿ ಕ್ಯಾಟಲಾಗ್ ನಂಬರ್ ಹಾಕಿ: ಬಾಖ್‌ಗೆ ಬಿಡಬ್ಲ್ಯುವಿ, ವಿವಾಲ್ಡಿಗೆ ಆರ್‌ವಿ, ಹ್ಯಾಂಡಲ್‌ಗೆ ಎಚ್‌ಡಬ್ಲ್ಯುವಿ. ನುಡಿಸಿದವರು, ಹಾಡಿದವರು, ತಂಡ, ರೆಕಾರ್ಡ್ ಆದ ವರ್ಷ ಇವಿಷ್ಟೂ ಇರಲಿ. ನುಡಿಸಿದವರ ಹೆಸರು ಬಿಟ್ಟುಬಿಡುವುದು ನನಗೆ ನಿಜವಾಗಿ ಬೇಸರ ತರಿಸುತ್ತದೆ, ಯಾಕೆಂದರೆ ಬರೋಕ್‌ನಲ್ಲಿ ಅರ್ಧ ಸಂಗೀತ ಅವರದ್ದೇ. ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯ) ಅಥವಾ ಥಿಯೋರ್ಬೊ (ಉದ್ದ ಕತ್ತಿನ ತಂತಿವಾದ್ಯ) ನುಡಿಸುವವರ ಮುಂದೆ ಎಷ್ಟೋ ಸಲ ಬಾಸ್ ಸಾಲು ಮತ್ತು ಅದರ ಜೊತೆ ಒಂದಿಷ್ಟು ಅಂಕಿಗಳು ಮಾತ್ರ ಇರುತ್ತವೆ. ಉಳಿದದ್ದನ್ನು ಆ ಕ್ಷಣಕ್ಕೆ ಕೈಯಿಂದಲೇ ಕಟ್ಟಬೇಕು.

ಹೆಸರು ಹಾಕುವ ಮೊದಲು ಒಮ್ಮೆ ನೋಡಿಕೊಳ್ಳಿ. ಆಲ್ಬಿನೋನಿಯ ಅಡಾಜಿಯೊ ಅಂತ ಓಡಾಡುವುದು 1958ರಲ್ಲಿ ರೆಮೊ ಜಾಝೊಟ್ಟೊ ಪ್ರಕಟಿಸಿದ ಕೃತಿ. ಬಾಖ್‌ನದ್ದು ಅಂತ ಮಕ್ಕಳು ಕಲಿಯುವ ಜಿ ಮೇಜರ್ ಮಿನುಯೆಟ್ ಬರೆದವನು ಕ್ರಿಸ್ಟಿಯಾನ್ ಪೆಟ್ಸೋಲ್ಡ್. ಎರಡೂ ಚೆನ್ನಾಗಿವೆ, ಸರಿಯಾದ ಹೆಸರಿನಲ್ಲೇ ಕಳಿಸಿ.

ಬಾಖ್ ತೀರಿಕೊಂಡದ್ದು 1750ರಲ್ಲಿ, ಹಾಗಾಗಿ ಯಾವ ರೆಕಾರ್ಡಿಂಗನ್ನಾದರೂ ಹಂಚಬಹುದು ಅಂತ ಕೆಲವರು ಅಂದುಕೊಂಡಿದ್ದಾರೆ. ಇಲ್ಲ. ಕೃತಿಗೆ ಹಕ್ಕುಸ್ವಾಮ್ಯ ಇಲ್ಲ, ರೆಕಾರ್ಡಿಂಗಿಗೆ ಬೇರೆಯೇ ಹಕ್ಕು ಇರುತ್ತದೆ, ಅದರ ಅವಧಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಫೈಲ್ ಕಳಿಸುವ ಬದಲು ಕಲಾವಿದರದ್ದೇ ಪುಟದ ಲಿಂಕ್ ಕಳಿಸಿ. ಉಚಿತವಾಗಿ ಒಳ್ಳೆಯದು ಬೇಕಾದಷ್ಟಿದೆ: ನೆದರ್ಲೆಂಡ್ಸ್ ಬಾಖ್ ಸೊಸೈಟಿ ಬಾಖ್‌ನ ಕೃತಿಗಳನ್ನೆಲ್ಲ ಒಂದೊಂದಾಗಿ ವಿಡಿಯೊ ಮಾಡಿ ಆನ್‌ಲೈನ್‌ನಲ್ಲಿ ಹಾಕುತ್ತಿದೆ. ಪಿಯಾನೊ ವಾದಕಿ ಕಿಮಿಕೊ ಇಶಿಝಾಕಾ 2012ರಲ್ಲಿ ಗೋಲ್ಡ್‌ಬರ್ಗನ್ನು ಯಾರು ಬೇಕಾದರೂ ಇಳಿಸಿಕೊಂಡು ಹಂಚಬಹುದು ಅಂತಲೇ ಬಿಡುಗಡೆ ಮಾಡಿದರು. ನಿಮ್ಮದೇ ರೆಕಾರ್ಡಿಂಗ್ ಆದರೆ ಫ್ಲ್ಯಾಕ್‌ನಲ್ಲಿ (ಸದ್ದು ಕೆಡದ ಹಾಗೆ ಉಳಿಸುವ ಫೈಲ್ ಬಗೆ) ಇಟ್ಟುಕೊಳ್ಳಿ. ಎಂಪಿ3ಯನ್ನು ಮತ್ತೆ ಎಂಪಿ3 ಮಾಡಿದಷ್ಟೂ ಸದ್ದು ಕೆಡುತ್ತದೆ.

ಹೇಗೆ ಕೇಳಬೇಕು ಅನ್ನುವುದನ್ನೂ ಬರೆಯಿರಿ. ಬರೋಕ್‌ಗೂ ಮುಂಚಿನ ಇಂಗ್ಲಿಷ್ ಸಂಗೀತಕಾರ ಟ್ಯಾಲಿಸ್‌ನ ಸ್ಪೆಮ್ ಇನ್ ಆಲಿಯಮ್ ಅನ್ನುವ ಗಾಯನ ಕೃತಿಯಲ್ಲಿ 40 ದನಿ, ಐದೈದು ಜನರ ಎಂಟು ಗುಂಪು. ಒಂದು ದನಿಯಿಂದ ಶುರುವಾಗಿ ಗುಂಪಿನಿಂದ ಗುಂಪಿಗೆ ದಾಟುತ್ತಾ ಹೋಗಿ ಸುಮಾರು ಮೂರನೇ ನಿಮಿಷಕ್ಕೆ ನಲವತ್ತೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಫೋನಿನ ಸ್ಪೀಕರ್‌ನಲ್ಲಿ ಇದು ಬರೀ ಗದ್ದಲ. ಹೆಡ್‌ಫೋನ್ ಬೇಕೇ ಬೇಕು. ಹಾರ್ಪ್ಸಿಕಾರ್ಡ್‌ಗೆ ಉಲ್ಟಾ, ವಾಲ್ಯೂಮ್ ತಗ್ಗಿಸಬೇಕು. ನಿಜವಾದ ವಾದ್ಯದ ಸದ್ದು ಮೆತ್ತಗಿರುತ್ತದೆ, ರೆಕಾರ್ಡಿಂಗ್‌ನಲ್ಲಿ ಅದನ್ನು ಜೋರು ಮಾಡಿರುತ್ತಾರೆ. "ತಗಡು ಬಡಿದ ಹಾಗಿದೆ" ಅಂದವರಿಗೆ ವಾಲ್ಯೂಮ್ ಅರ್ಧ ಮಾಡಿ ಕೇಳಲು ಹೇಳಿ, ಎಷ್ಟೋ ಜನ ಅಲ್ಲಿಗೆ ಒಪ್ಪಿಕೊಳ್ಳುತ್ತಾರೆ.

ಹಾಗೂ ಒಪ್ಪದಿದ್ದರೆ ಒತ್ತಾಯ ಬೇಡ. ಫ್ರೆಂಚ್ ಸಂಗೀತಕಾರ ಮರಾಂ ಮರೇ 1701ರಲ್ಲಿ ಪ್ರಕಟಿಸಿದ ಲೆ ವ್ವಾ ಯುಮೆನ್ ಕಳಿಸಿ. ವಿಯೋಲ ದ ಗಾಂಬಗೆ (ಕಾಲುಗಳ ನಡುವೆ ಹಿಡಿದು ಬಿಲ್ಲಿನಿಂದ ನುಡಿಸುವ ತಂತಿವಾದ್ಯ) ಬರೆದದ್ದು, ಹೆಸರಿನ ಅರ್ಥವೇ ಮನುಷ್ಯರ ದನಿಗಳು. ರಾತ್ರಿ ದೀಪ ಆರಿಸಿ ಕೇಳಿ ಅಂತ ಬರೆದು ಸುಮ್ಮನಿದ್ದುಬಿಡಿ.