ಅಡುಗೆ, ಸಾಮಗ್ರಿ, ಅಳತೆ: ಮೂರನ್ನೂ ಒಂದೇ ಫಾರ್ಮಿನಲ್ಲಿ ಸೇವ್ ಮಾಡುವುದು ಹೇಗೆ?

ತೊಗರಿಬೇಳೆ ಸಾರಿಗೂ ಬೇಕು, ಬಿಸಿಬೇಳೆಬಾತಿಗೂ ಬೇಕು. ಬಿಸಿಬೇಳೆಬಾತಿಗೆ ಬೇಳೆಯ ಜೊತೆ ಅಕ್ಕಿ, ಹುಣಸೆಹಣ್ಣು, ತರಕಾರಿ ಎಲ್ಲವೂ ಬೇಕು. ಇಂಥ ನಂಟನ್ನು ಒಂದೇ ಫಾರ್ಮಿನಿಂದ ಸೇವ್ ಮಾಡುವ ಸೌಲಭ್ಯ ವೆಬ್ ಆಪ್ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್‌ನಲ್ಲಿ 2009ರ 2.3 ಆವೃತ್ತಿಯಿಂದಲೂ ಇದೆ. ಆದರೂ ಹೊಸಬರು ಇಲ್ಲಿ ಎಡವುವುದನ್ನು ನೋಡುತ್ತಲೇ ಇದ್ದೇನೆ.

ಮೊದಲು ಮೂರು ಟೇಬಲ್ ಮಾಡಿ: ಅಡುಗೆ, ಸಾಮಗ್ರಿ, ಇವೆರಡನ್ನೂ ಜೋಡಿಸುವ ಇನ್ನೊಂದು. ಅಡುಗೆ, ಸಾಮಗ್ರಿಗಳನ್ನು ನೇರವಾಗಿ ಬೆಸೆಯುವ 'ಹ್ಯಾಸ್ ಅಂಡ್ ಬಿಲಾಂಗ್ಸ್ ಟು ಮೆನಿ' ಅನ್ನುವ ಶಾರ್ಟ್‌ಕಟ್ ಬೇಡ. 'ಒಂದು ಕಪ್' ಎಂಬ ಅಳತೆಯನ್ನು ಆಮೇಲೆ ಎಲ್ಲಿಡ್ತೀರಿ? ಅದು ಬೇಳೆಯದ್ದೂ ಅಲ್ಲ, ಬಾತಿನದ್ದೂ ಅಲ್ಲ. ಅದರ ಜಾಗ ಜೋಡಿಸುವ ಟೇಬಲ್ಲೇ, ಅಲ್ವಾ? ಆ ಟೇಬಲ್ಲಿನ ಮೂಲಕವೇ ನಂಟು ಬೆಸೆಯುವ 'ಹ್ಯಾಸ್ ಮೆನಿ ಥ್ರೂ' ಬಳಸಿ. ಅಳತೆಯೇ ಬೇಡ ಅಂತಾದರೆ ಚೆಕ್‌ಬಾಕ್ಸ್ ಸಾಕು, ಈ ಲೇಖನವೇ ನಿಮಗೆ ಬೇಡ.

ಅಡುಗೆಯ ಮಾಡೆಲ್‌ನಲ್ಲಿ, ಅಂದರೆ ಆ ಟೇಬಲ್ಲನ್ನು ನೋಡಿಕೊಳ್ಳುವ ಕೋಡಿನಲ್ಲಿ, ಜೋಡಣೆ ಟೇಬಲ್ಲಿಗೆ 'ಆಕ್ಸೆಪ್ಟ್ಸ್ ನೆಸ್ಟೆಡ್ ಆಟ್ರಿಬ್ಯೂಟ್ಸ್ ಫಾರ್' ಬರೆಯಿರಿ, ಸಾಲು ಅಳಿಸಲು ಬಿಡುವ 'ಅಲೌ ಡೆಸ್ಟ್ರಾಯ್' ಸೇರಿಸಿ. ಹೊಸ ಅಡುಗೆಯ ಪುಟಕ್ಕೆ ಎರಡು ಖಾಲಿ ಸಾಲು 'ಬಿಲ್ಡ್' ಮಾಡಿ, ಇಲ್ಲದಿದ್ದರೆ ಫಾರ್ಮಿನಲ್ಲಿ ಸಾಮಗ್ರಿಯ ಸಾಲೇ ಕಾಣುವುದಿಲ್ಲ. ಪ್ರತಿ ಸಾಲಿನಲ್ಲಿ ಸಾಮಗ್ರಿ ಆರಿಸಲು ಡ್ರಾಪ್‌ಡೌನ್, ಪಕ್ಕದಲ್ಲಿ ಅಳತೆ.

ಈಗ ಕಂಟ್ರೋಲರ್, ಅಂದರೆ ಫಾರ್ಮಿನ ಮಾಹಿತಿಯನ್ನು ಪಡೆದು ಮಾಡೆಲ್‌ಗೆ ಕೊಡುವ ಕೋಡ್. ಇಲ್ಲಿ ನಿಧಾನವಾಗಿ ಓದಿ. ಫಾರ್ಮಿನಿಂದ ಯಾವುದನ್ನು ಒಳಗೆ ಬಿಡಬೇಕು ಎಂದು 'ಪರ್ಮಿಟ್' ಪಟ್ಟಿಯಲ್ಲಿ ಹೇಳುತ್ತೇವೆ. ಬಹಳ ಜನ ಸಾಮಗ್ರಿಯ ಐಡಿ, ಅಳತೆ ಎರಡನ್ನೇ ಬರೆದು ಮುಂದೆ ಹೋಗುತ್ತಾರೆ. ಜೋಡಣೆ ಸಾಲಿನ ಸ್ವಂತ ಐಡಿಯನ್ನು ಮರೆಯುತ್ತಾರೆ. ಹೊಸ ಅಡುಗೆ ಸರಿಯಾಗಿಯೇ ಸೇವ್ ಆಗುತ್ತದೆ. ತೊಂದರೆ ಕಾಣುವುದು ತಿದ್ದಿದಾಗ. ಐಡಿ ಬಾರದ ಸಾಲನ್ನು ರೈಲ್ಸ್ ಹೊಸತು ಎಂದುಕೊಳ್ಳುತ್ತದೆ. ಮೂರು ಸಾಲು ಆರಾಗುತ್ತದೆ, ಇನ್ನೊಮ್ಮೆ ಸೇವ್ ಮಾಡಿದರೆ ಹನ್ನೆರಡು. ಪುಟದಲ್ಲಿ ಒಂದು ಎರರ್ ಕೂಡ ಬರುವುದಿಲ್ಲ. ಡೆವಲಪ್‌ಮೆಂಟ್ ಲಾಗ್ ತೆರೆದರೆ ಮಾತ್ರ 'ಅನ್‌ಪರ್ಮಿಟೆಡ್ ಪ್ಯಾರಾಮೀಟರ್' ಎಂಬ ಸಾಲು ಸಿಗುತ್ತದೆ. ಅದಕ್ಕೇ ಪಟ್ಟಿಯಲ್ಲಿ ನಾಲ್ಕು ಇರಲಿ: ಸಾಲಿನ ಐಡಿ, ಸಾಮಗ್ರಿಯ ಐಡಿ, ಅಳತೆ, ಮತ್ತು ಮೊದಲಲ್ಲಿ ಅಂಡರ್‌ಸ್ಕೋರ್ ಹಚ್ಚಿದ 'ಡೆಸ್ಟ್ರಾಯ್'. ಕೊನೆಯದನ್ನು ಬಿಟ್ಟರೆ ಸಾಲನ್ನು ಅಳಿಸಲು ಆಗುವುದಿಲ್ಲ. ಬೇಸತ್ತು ಎಲ್ಲವನ್ನೂ ಒಳಗೆ ಬಿಡುವ, ಕೊನೆಯಲ್ಲಿ ಆಶ್ಚರ್ಯಸೂಚಕ ಹಚ್ಚಿದ 'ಪರ್ಮಿಟ್'ಗೆ ಮಾತ್ರ ಕೈ ಹಾಕಬೇಡಿ. ಯಾರು ಬೇಕಾದರೂ ಯಾವ ಕಾಲಮ್ ಬೇಕಾದರೂ ತಿದ್ದಬಹುದು.

ಜೋಡಣೆ ಟೇಬಲ್ಲಿನ ಅಡುಗೆ ಐಡಿ, ಸಾಮಗ್ರಿ ಐಡಿ ಎರಡಕ್ಕೂ ಸೇರಿಸಿ, ಒಂದೇ ಜೋಡಿ ಎರಡು ಸಲ ಸೇರದಂತೆ, ಡೇಟಾಬೇಸಿನಲ್ಲೇ ಯೂನಿಕ್ ಇಂಡೆಕ್ಸ್ ಹಾಕಿ. ಮಾಡೆಲ್‌ನ ಯೂನಿಕ್‌ನೆಸ್ ಪರೀಕ್ಷೆಯನ್ನಷ್ಟೇ ನಂಬಬೇಡಿ. ಒಂದೇ ಫಾರ್ಮಿನಲ್ಲಿ ತೊಗರಿಬೇಳೆಯನ್ನು ಎರಡು ಸಲ ಆರಿಸಿದರೆ, ಪರೀಕ್ಷೆಯ ಹೊತ್ತಿಗೆ ಎರಡೂ ಸಾಲು ಇನ್ನೂ ಟೇಬಲ್ಲಿಗೆ ಹೋಗಿರುವುದಿಲ್ಲ. ಎರಡೂ ಪಾಸಾಗುತ್ತವೆ.

ಮುಗಿದ ಮೇಲೆ ಒಂದು ಅಡುಗೆಯ ಎಡಿಟ್ ಪುಟ ತೆರೆಯಿರಿ. ಏನನ್ನೂ ಮುಟ್ಟದೆ ಸುಮ್ನೆ ಎರಡು ಸಲ ಸೇವ್ ಒತ್ತಿ. ರೈಲ್ಸ್ ಕನ್ಸೋಲ್‌ನಲ್ಲಿ ಆ ಅಡುಗೆಯ ಜೋಡಣೆ ಸಾಲುಗಳನ್ನು ಎಣಿಸಿ. ಮೊದಲು ಮೂರಿದ್ದರೆ ಈಗಲೂ ಮೂರೇ ಇರಬೇಕು.