ಆಡಿಟ್‌ಗೆ ಮೊದಲೇ ಆಕ್ಸೆಸಿಬಿಲಿಟಿ ಕಲಿಸಿದ ಬಗೆ: ನನ್ನ ಅನುಭವ

ಆಕ್ಸೆಸಿಬಿಲಿಟಿ, ಅಂದರೆ ಅಂಗವಿಕಲರೂ ಬಳಸುವಂತೆ ವೆಬ್‌ಪುಟಗಳನ್ನು ರೂಪಿಸುವುದು, ಬೇರೆಯವರ ಕೆಲಸ, ಕೊನೆಯಲ್ಲಿ ಅದರ ಆಡಿಟ್ (ತಪಾಸಣೆ) ಮಾಡಿಸಿದರಾಯಿತು ಎಂಬ ನಂಬಿಕೆ ಬೆಂಗಳೂರಿನ ನಮ್ಮ ಯುಸೆಬಿಲಿಟಿ ತಂಡದಲ್ಲಿ, ಅಂದರೆ ಬಳಕೆ ಎಷ್ಟು ಸುಲಭ ಎಂದು ಬಳಕೆದಾರರನ್ನೇ ಕರೆಸಿ ಪರೀಕ್ಷಿಸುವ ತಂಡದಲ್ಲಿ, ಬೇರೂರಿತ್ತು. ಮೊದಲು ಹೊರಗಿನ ತರಬೇತುದಾರರನ್ನು ಕರೆಸಿದೆವು. ಲಕ್ಷದ ಹತ್ತಿರ ಖರ್ಚಾಯಿತು. ತಿಂಗಳು ಕಳೆಯುವಷ್ಟರಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ 4.5:1 ಎಂಬ ಕಾಂಟ್ರಾಸ್ಟ್ ಅನುಪಾತ ಬಿಟ್ಟರೆ ಯಾರ ತಲೆಯಲ್ಲೂ ಏನೂ ಉಳಿದಿರಲಿಲ್ಲ. ಚೆಕ್‌ಲಿಸ್ಟ್ ಹಂಚಿದೆವು, ಎಲ್ಲ ಸಾಲಿಗೂ ಟಿಕ್ ಬಿತ್ತು, ವರದಿಗಳು ಮಾತ್ರ ಹಳೆಯವೇ.

ಆಗ ತರಬೇತಿಯ ಹಣವನ್ನು ಪರೀಕ್ಷೆಗೆ ಬರುವ ಬಳಕೆದಾರರ ಸಂಭಾವನೆಗೆ ತಿರುಗಿಸಿದೆ. ಮಾಮೂಲಿ ಪರೀಕ್ಷೆಯ ಪ್ರತಿ ಸುತ್ತಿನಲ್ಲೂ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವ ಒಬ್ಬರಾದರೂ ಇರಬೇಕು. ಉಳಿದವರಿಗೆ ಕೊಡುವಷ್ಟೇ, ಅಂದರೆ ಸುಮಾರು ಎರಡು ಸಾವಿರ, ಜೊತೆಗೆ ಆಟೊ ಬಾಡಿಗೆ. ಪರೀಕ್ಷೆ ನಡೆಸುವವರು ಹಿಂದಿನ ದಿನವೇ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿ, ಅದರ ಸ್ಕ್ರೀನ್ ಕರ್ಟನ್ ಸೌಲಭ್ಯದಿಂದ ಪರದೆಯನ್ನು ಪೂರ್ತಿ ಕಪ್ಪಾಗಿಸಿ, ಅದೇ ಕೆಲಸವನ್ನು ತಾವು ಮಾಡಿ ಮುಗಿಸಬೇಕು. ತಂತ್ರಾಂಶ ಉಚಿತ. ‘ಒಬ್ಬರಿಂದ ಏನು ತಿಳಿದೀತು?’ ಎಂದು ಮೇಲಿನವರು ಮೂಗು ಮುರಿದರು.

ತಿಳಿದದ್ದು ಹೀಗೆ. ಪಾವತಿಯ ಪುಟದಲ್ಲಿ ಒಟಿಪಿಯ ಗಡಿಯಾರವನ್ನು ಲೈವ್ ರೀಜನ್ ಆಗಿ, ಅಂದರೆ ಬದಲಾದಾಗಲೆಲ್ಲ ಸ್ಕ್ರೀನ್ ರೀಡರ್ ತಾನಾಗಿ ಓದುವ ಭಾಗವಾಗಿ, ಇಟ್ಟಿದ್ದರು. ಸ್ಕ್ರೀನ್ ರೀಡರ್ ‘ಐವತ್ತೊಂಬತ್ತು, ಐವತ್ತೆಂಟು’ ಎಂದು ಎಣಿಸುತ್ತಲೇ ಹೋಯಿತು. ತಾವು ಒತ್ತಿದ ಅಂಕಿ ಯಾವುದೆಂಬುದೇ ಬಂದಿದ್ದವರಿಗೆ ಕೇಳಿಸಲಿಲ್ಲ. ಮೂರು ಸಲ ಸಮಯ ಮುಗಿಯಿತು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಡಿಸೈನರ್ ಅಂದೇ ಸಂಜೆ ಅದನ್ನು ತೆಗೆಸಿ, ಸಮಯ ಹೆಚ್ಚಿಸಿಕೊಳ್ಳುವ ಬಟನ್ ಸೇರಿಸಿದಳು. ವೆಬ್ ಆಕ್ಸೆಸಿಬಿಲಿಟಿಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯಲ್ಲಿ ಕಾಲಮಿತಿಯ ಕುರಿತಾದ 2.2.1ನೇ ನಿಯಮವನ್ನು ಈಗ ಹೊಸಬರಿಗೆ ವಿವರಿಸುವವಳು ಅವಳೇ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒಂದೇ ಕನ್ನಡ ಪ್ಯಾರಾವನ್ನು ಲ್ಯಾಂಗ್ ಆಟ್ರಿಬ್ಯೂಟ್ (ಪಠ್ಯ ಯಾವ ಭಾಷೆಯದೆಂದು ಕೋಡ್‌ನಲ್ಲಿ ತಿಳಿಸುವ ಗುರುತು) ಸಹಿತ, ರಹಿತ ಎರಡು ಪುಟಗಳಲ್ಲಿ ಹಾಕಿ ಸ್ಕ್ರೀನ್ ರೀಡರ್‌ನಿಂದ ತಂಡಕ್ಕೆ ಕೇಳಿಸಿದೆ. ಇಲ್ಲದ ಕಡೆ ಇಂಗ್ಲಿಷ್ ಧ್ವನಿ ತಡವರಿಸಿತು. ಇದ್ದ ಕಡೆ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶದ ಕನ್ನಡ ಧ್ವನಿ ಓದಿತು. ಹತ್ತು ನಿಮಿಷದ ಈ ಪಾಠ ಸ್ಲೈಡುಗಳಿಗಿಂತ ಚೆನ್ನಾಗಿ ನಾಟಿತು.

ಅರ್ಧ ವರ್ಷದಲ್ಲಿ, ನಾವೇ ಪತ್ತೆಹಚ್ಚಿ ವರದಿಯಲ್ಲಿ ಬರೆಯುವ ಹತ್ತು ದೋಷಗಳಲ್ಲಿ ಮೂರೋ ನಾಲ್ಕೋ ಆಕ್ಸೆಸಿಬಿಲಿಟಿಯವೇ ಆಗತೊಡಗಿದವು. ಮೊದಲು ಒಂದು ಬಂದರೆ ಹೆಚ್ಚು. ಆಡಿಟ್ ಬಿಲ್ ಮೂರನೇ ಒಂದರಷ್ಟು ಇಳಿಯಿತು. ಡಿಜಿಟಲ್ ಪ್ರವೇಶವೂ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ನಮ್ಮ ತಂಡ ಸಜ್ಜಾಗಿತ್ತು. ಈ ಹೆಮ್ಮೆ ನನಗಿದೆ. ಟಾಸ್ಕ್‌ಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಕಷ್ಟಪಟ್ಟು ಕಂಡುಕೊಂಡದ್ದು ಅದು.

ಮುಂದಿನ ಸರದಿ ಕಿವುಡ ಬಳಕೆದಾರರದು. ಸಂಜ್ಞಾ ಭಾಷೆಯ ಅನುವಾದಕರಿಗೆ ಸಂಭಾವನೆಗಿಂತ ಹೆಚ್ಚು ಕೊಡಬೇಕಾಗುವುದರಿಂದ ಒಂದೇ ದಿನ ಮೂವರು ಬಳಕೆದಾರರನ್ನು ಕರೆಸುವ ಲೆಕ್ಕ ಹಾಕಿದ್ದೇನೆ.